ಚಿಗಳಿ ಇರುವೆ, ಓಕ್‌ಬ್ಲೂ ಚಿಟ್ಟೆ: ಇವೆರಡರ ನಂಟೇನು?

ಕಾರವಾರ, ಅಂಕೋಲಾ ಕಡೆಯ ಮಾವಿನ ತೋಟ, ಗೇರು ಹಕ್ಕಲಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆಯೇ ಚಿಗಳಿ. ಮರ ಹತ್ತಿದವರನ್ನು ಕಚ್ಚುತ್ತದೆ ಎಂದು ಗೂಡಿಗೆ ಬೆಂಕಿ ಇಡುವವರು, ಔಷಧಿ ಹೊಡೆಯುವವರು ಇದ್ದಾರೆ. ಚಿಟ್ಟೆ ಕಂಡರೆ ಮಾತ್ರ ಫೋಟೊ ತೆಗೆದು ಸ್ಟೇಟಸ್‌ಗೆ ಹಾಕುತ್ತೇವೆ. ಆದರೆ ಸೆಂಟಾರ್ ಓಕ್‌ಬ್ಲೂ ಎಂಬ ನೀಲಿ ಚಿಟ್ಟೆಯ ಮರಿಹುಳಕ್ಕೆ ಕಾವಲು ಕಾಯುವುದು ಇದೇ ಚಿಗಳಿ.

ಎರಡಕ್ಕೂ ಇರುವ ಹೋಲಿಕೆ
ಎರಡೂ ಆರು ಕಾಲಿನ ಕೀಟಗಳು. ಮೊಟ್ಟೆ, ಮರಿಹುಳ, ಕೋಶ, ಪ್ರೌಢ ಕೀಟ ಎಂಬ ನಾಲ್ಕು ಹಂತ ಎರಡಕ್ಕೂ ಇವೆ. ಎರಡರ ಮರಿಹುಳಗಳೂ ರೇಷ್ಮೆಯಂಥ ನೂಲು ತೆಗೆಯುತ್ತವೆ.

ವ್ಯತ್ಯಾಸ
• ಬದುಕು: ಚಿಗಳಿಯದು ರಾಣಿ, ಕೆಲಸಗಾರರಿರುವ ದೊಡ್ಡ ಸಂಸಾರ. ಒಂದೇ ಸಂಸಾರದ ಗೂಡುಗಳು ಹಲವು ಮರಗಳಲ್ಲಿರಬಹುದು. ಚಿಟ್ಟೆಗೆ ಗೂಡೂ ಇಲ್ಲ, ರಾಣಿಯೂ ಇಲ್ಲ.
• ನೂಲು: ಕೆಲಸಗಾರ ಇರುವೆ ಮರಿಹುಳವನ್ನು ಬಾಯಲ್ಲಿ ಹಿಡಿದು, ಅದರ ನೂಲಿನಿಂದ ಎಲೆ ಅಂಟಿಸುತ್ತದೆ. ಚಿಟ್ಟೆಯ ಮರಿಹುಳ ಕೋಶವಾಗುವಾಗ ಅಂಟಿಕೊಳ್ಳಲು ನೂಲು ಬಳಸುತ್ತದೆ.
• ಆಹಾರ: ಚಿಗಳಿ ಬೇರೆ ಕೀಟಗಳನ್ನು ಬೇಟೆಯಾಡುತ್ತದೆ. ಓಕ್‌ಬ್ಲೂ ಮರಿಹುಳ ಮತ್ತಿ, ಹೊಳೆದಾಸವಾಳದಂಥ ಮರಗಳ ಎಲೆ ತಿನ್ನುತ್ತದೆ.
• ರಕ್ಷಣೆ: ಚಿಗಳಿಗೆ ಕೊಂಡಿಯಿಲ್ಲ. ಕಚ್ಚಿ, ಗಾಯಕ್ಕೆ ಫಾರ್ಮಿಕ್ ಆಮ್ಲ ಚಿಮ್ಮಿಸುತ್ತದೆ, ಉರಿ ಅದರಿಂದಲೇ. ಚಿಟ್ಟೆ ರೆಕ್ಕೆ ಮಡಚಿದರೆ ಕಂದು ಬಣ್ಣ, ಒಣಗಿದ ಎಲೆಯಂತೆ.

ಬೇಟೆಗಾರನೇ ಕಾವಲುಗಾರ
ಸಿಕ್ಕ ಹುಳವನ್ನೆಲ್ಲ ಹರಿದು ತಿನ್ನುವ ಚಿಗಳಿ ಓಕ್‌ಬ್ಲೂ ಮರಿಹುಳವನ್ನು ಬಿಡುವುದೇಕೆ? ಮರಿಹುಳದ ಬೆನ್ನಿನ ಹಿಂಭಾಗದ ಗ್ರಂಥಿಯಿಂದ ಸಿಹಿ ದ್ರವ ಒಸರುತ್ತದೆ. ಇರುವೆಗಳು ಅದನ್ನು ಕುಡಿಯುತ್ತವೆ. ಅವು ಸುತ್ತ ಇರುವವರೆಗೆ ಮರಿಹುಳದ ಮೇಲೆ ಮೊಟ್ಟೆ ಇಡುವ ಕಣಜಗಳಿಗೆ, ಜೇಡಗಳಿಗೆ ಹತ್ತಿರ ಬರುವುದು ಕಷ್ಟ.

ಚಿಗಳಿ ಗೂಡಿದ್ದರೆ ಮರ ಹಾಳಾಗುತ್ತದೆಯೇ?
ಚಿಗಳಿ ಎಲೆ ತಿನ್ನುವುದಿಲ್ಲ. ಗೇರಿನ ಚಿಗುರು, ಹೂಗೊಂಚಲು ಒಣಗಿಸುವ ಟೀ ಸೊಳ್ಳೆಯನ್ನು ಅದು ಬೇಟೆಯಾಡುತ್ತದೆ. ಚೀನಾದ ರೈತರು ಕಿತ್ತಳೆ ತೋಟ ಕಾಯಲು ಇದೇ ಇರುವೆಯ ಗೂಡುಗಳನ್ನು ಸುಮಾರು 1,700 ವರ್ಷಗಳ ಹಿಂದೆಯೇ ಬಳಸುತ್ತಿದ್ದರು. ಆದರೆ ಸಿಹಿಯ ಆಸೆಗೆ ಹಿಟ್ಟು ತಿಗಣೆಯಂಥ ರಸ ಹೀರುವ ಕೀಟಗಳನ್ನೂ ಚಿಗಳಿ ಕಾಯುತ್ತದೆ ಎಂಬುದೂ ನಿಜ. ಅಂಥ ಕೀಟ ಹೆಚ್ಚಿದ್ದರೆ ಕೃಷಿ ಅಧಿಕಾರಿಯನ್ನು ಕೇಳಿ.

ಒಟ್ಟಿನಲ್ಲಿ
ಗೂಡು ಕಂಡ ಕೂಡಲೇ ಬೆಂಕಿ ಇಡಬೇಡಿ. ಹಣ್ಣಿಗೆ ಕೆಳಗಿನಿಂದಲೇ ದೋಟಿ ಹಾಕಿ. ಮತ್ತಿ ಮರದ ಗೂಡು ಸುಟ್ಟರೆ ಇರುವೆಯ ಜೊತೆ, ಅದರ ಕಾವಲಿನಲ್ಲಿ ಬೆಳೆಯುವ ಚಿಟ್ಟೆಯೂ ಹೋಗಬಹುದು.