ರಾತ್ರಿಪಾಳಿಯ ಅರಿವು: ನೋವು, ನಿದ್ರೆ ಮತ್ತು ಶುಶ್ರೂಷೆಯ ಚರಿತ್ರೆ

ನೋವುಶಮನದ ಚರಿತ್ರೆಯನ್ನು ಸಾಮಾನ್ಯವಾಗಿ ಔಷಧಗಳ ಚರಿತ್ರೆಯಾಗಿಯೇ ಬರೆಯುತ್ತಾರೆ: 1846ರಲ್ಲಿ ಈಥರ್, 1847ರಲ್ಲಿ ಕ್ಲೋರೊಫಾರ್ಮ್, ಹೀಗೆ. ಆಪರೇಷನ್ ಮೇಜಿನ ಮಟ್ಟಿಗೆ ಇದು ಸರಿ. ವಾರ್ಡಿನಲ್ಲಿ ಬೆಳಗಿನವರೆಗೂ ನರಳುವ ರೋಗಿಗೆ ಮಾತ್ರ ಮದ್ದು ಕಪಾಟಿನಲ್ಲಿದ್ದೂ ದಕ್ಕುತ್ತಿರಲಿಲ್ಲ. ಅದು ಹೊತ್ತಿಗೆ ಸರಿಯಾಗಿ ದಕ್ಕುವಂತಾದದ್ದರಲ್ಲಿ ಹಾಸಿಗೆಯ ಪಕ್ಕ ನಿಂತು ನೋಡಿದ ನರ್ಸುಗಳ ಪಾಲು ದೊಡ್ಡದು ಎಂಬುದು ನನ್ನ ವಾದ.

ಮದ್ದು ಇದ್ದೂ ಕೊಡದಿರುವುದಕ್ಕೆ ಆಗ ಸಿದ್ಧಾಂತದ ಬೆಂಬಲವೂ ಇತ್ತು. ಕ್ರಿಮಿಯಾ ಯುದ್ಧದಲ್ಲಿ ಬ್ರಿಟಿಷ್ ಸೇನೆಯ ಮುಖ್ಯ ವೈದ್ಯಾಧಿಕಾರಿಯಾಗಿದ್ದ ಜಾನ್ ಹಾಲ್, ತೀವ್ರವಾಗಿ ಗಾಯಗೊಂಡವರಿಗೆ ಕ್ಲೋರೊಫಾರ್ಮ್ ಬಳಸುವಾಗ ಎಚ್ಚರವಿರಲಿ ಎಂದು ಸೂಚಿಸಿದ್ದರು. ಚಾಕುವಿನ ಉರಿಯೇ ರೋಗಿಗೆ ಚೈತನ್ಯ ಕೊಡುತ್ತದೆಂದು ಅವರ ನಂಬಿಕೆ. ಅದೇ ಯುದ್ಧದಿಂದ ಮರಳಿದ ಫ್ಲಾರೆನ್ಸ್ ನೈಟಿಂಗೇಲ್ 1859ರ ‘ನೋಟ್ಸ್ ಆನ್ ನರ್ಸಿಂಗ್’ ಕೃತಿಯಲ್ಲಿ ಸದ್ದಿಗೆಂದೇ ಒಂದು ಅಧ್ಯಾಯ ಮೀಸಲಿಟ್ಟರು. ಬಾಗಿಲಾಚೆಯ ಪಿಸುಮಾತು, ನರ್ಸಿನ ಲಂಗದ ಸರಸರ ಸದ್ದು ಯಾವುದನ್ನೂ ಅವರು ಬಿಡಲಿಲ್ಲ. ಅಲ್ಲಿನ ಒಂದು ವೀಕ್ಷಣೆ ನನಗೆ ಬಹಳ ಮುಖ್ಯವೆನಿಸುತ್ತದೆ. ಆಗಷ್ಟೇ ಕಣ್ಣು ಹತ್ತಿದ ರೋಗಿಯನ್ನು ಎಬ್ಬಿಸಿದರೆ ಅವನಿಗೆ ಮತ್ತೆ ನಿದ್ದೆ ಬರುವುದು ಕಷ್ಟ. ಕೆಲವು ಗಂಟೆ ಮಲಗಿದವನಾದರೆ ಮತ್ತೆ ಮಲಗಬಲ್ಲ. ಏಕೆಂದರೆ ನೋವು ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ, ನಿದ್ದೆ ಆ ಸರಪಳಿಯನ್ನು ಕಡಿಯುತ್ತದೆ. ರಾತ್ರಿ ಎಚ್ಚರವಿದ್ದವರಿಗಷ್ಟೇ ಹೊಳೆಯುವ ಮಾತಿದು.

ಆದರೂ ಮುಂದಿನ ನೂರು ವರ್ಷ ನೋವಿನ ಮದ್ದು ಹೆಚ್ಚಾಗಿ ‘ಬೇಕೆನಿಸಿದಾಗ’ ಕೊಡುವ ವಸ್ತುವಾಗಿಯೇ ಉಳಿಯಿತು. ನಮ್ಮ ಆಸ್ಪತ್ರೆಗಳ ಚಾರ್ಟಿನಲ್ಲಿ ಇಂದಿಗೂ ಕಾಣುವ ‘ಎಸ್‌ಓಎಸ್’ ಅದೇ. ರೋಗಿ ನರಳಬೇಕು, ಸಿಸ್ಟರನ್ನು ಕರೆಯಬೇಕು, ಅವರು ಬೀಗದ ಕಪಾಟು ತೆರೆಯಬೇಕು, ಮದ್ದು ಮೈಗೆ ಹತ್ತಬೇಕು. ಅಷ್ಟರಲ್ಲಿ ನೋವು ನೆತ್ತಿಗೇರಿರುತ್ತದೆ. ಮತ್ತೆ ಮತ್ತೆ ಕೇಳಿದವನಿಗೆ ಚಟ ಹತ್ತಿದೆ ಎಂಬ ಅನುಮಾನ ಬೇರೆ.

ಈ ಕ್ರಮವನ್ನು ಮುರಿದವರಲ್ಲಿ ಸಿಸಿಲಿ ಸಾಂಡರ್ಸ್ ಪ್ರಮುಖರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯ ನೈಟಿಂಗೇಲ್ ಶಾಲೆಯಲ್ಲೇ ನರ್ಸಾಗಿ ತರಬೇತಿ ಪಡೆದ ಅವರು ಬೆನ್ನುನೋವಿನಿಂದ ಆ ಕೆಲಸ ಬಿಡಬೇಕಾಯಿತು. ಬಳಿಕ ಸೇಂಟ್ ಲ್ಯೂಕ್ಸ್ ಆಸ್ಪತ್ರೆಯಲ್ಲಿ ಸ್ವಯಂಸೇವಕಿಯಾಗಿದ್ದಾಗ, ಸಾಯುತ್ತಿರುವವರಿಗೆ ಗಡಿಯಾರ ನೋಡಿ ಹೊತ್ತುಹೊತ್ತಿಗೆ ಬಾಯಿಯ ಮೂಲಕ ಮಾರ್ಫಿನ್ ಕೊಡುವುದನ್ನು ಕಂಡರು. ನೋವು ಮರಳುವ ಮುನ್ನವೇ ಮದ್ದು! 1957ರಲ್ಲಿ ವೈದ್ಯೆಯಾದ ಮೇಲೆ, ಸಾವಿನಂಚಿನಲ್ಲಿರುವವರ ಆರೈಕೆಮನೆಯಾದ ಸೇಂಟ್ ಜೋಸೆಫ್ಸ್ ಹಾಸ್ಪೈಸ್‌ನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ದಾಖಲೆ ಇಟ್ಟು ಆ ಪದ್ಧತಿಗೆ ಪುರಾವೆ ಒದಗಿಸಿದರು. 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದರು. ಮರುವರ್ಷವೇ ಅಮೆರಿಕದ ನರ್ಸ್ ಮಾರ್ಗೊ ಮೆಕ್ಯಾಫರಿ, ರೋಗಿ ನೋವೆಂದರೆ ಅದು ನೋವೇ, ಅವನು ಇದೆ ಎಂದಾಗಲೆಲ್ಲ ಅದು ಇದೆ ಎಂಬ ಅರ್ಥದ ವ್ಯಾಖ್ಯೆ ಕೊಟ್ಟರು. ಅನುಮಾನಿಸುವ ಅಧಿಕಾರವನ್ನೇ ಅದು ಕಿತ್ತುಕೊಂಡಿತು.

ಭಾರತದಲ್ಲಿ ತೊಡಕು ಬೇರೆಯದೇ ಆಗಿತ್ತು. 1985ರ ಮಾದಕವಸ್ತು ಕಾಯ್ದೆಯ ಪರವಾನಗಿಗಳ ಕಾಟಕ್ಕೆ ಹೆದರಿ ಅನೇಕ ಆಸ್ಪತ್ರೆಗಳು ಮಾರ್ಫಿನ್ ಇಡುವುದನ್ನೇ ಬಿಟ್ಟವು. 1993ರಲ್ಲಿ ಕೋಝಿಕ್ಕೋಡ್‌ನಲ್ಲಿ ಆರಂಭವಾದ ನೋವುಶಮನ ಕ್ಲಿನಿಕ್, ಬೆಂಗಳೂರಿನ ಕರುಣಾಶ್ರಯ ಹಾಸ್ಪೈಸ್ ಇಂಥ ಕಾಲದಲ್ಲೇ ಬೆಳೆದವು. ಕಾಯ್ದೆಗೆ ತಿದ್ದುಪಡಿ ಬಂದದ್ದು 2014ರಲ್ಲಿ. ಕಾನೂನು ಸಡಿಲವಾಯಿತು, ಚಾರ್ಟಿನ ಎಸ್‌ಓಎಸ್ ಅನ್ನು ಅಳಿಸುವ ಕೆಲಸ ವಾರ್ಡುಗಳಲ್ಲೇ ಆಗಬೇಕಿದೆ.