ಕೈಗಡಿಯಾರದ ಗಾಜು: ಅಕ್ರಿಲಿಕ್ ಮತ್ತು ಸಫೈರ್

ಕೈಗಡಿಯಾರದ ಡಯಲ್ ಹಾಗೂ ಮುಳ್ಳುಗಳನ್ನು ಧೂಳು, ತೇವ ಮತ್ತು ಪೆಟ್ಟಿನಿಂದ ಕಾಪಾಡುವ ಪಾರದರ್ಶಕ ಮುಚ್ಚಳಕ್ಕೆ ರೂಢಿಯಲ್ಲಿ ಗಡಿಯಾರದ ಗಾಜು ಎಂದು ಹೆಸರು. ಹೆಸರು ಹಾಗಿದ್ದರೂ ಅದು ಗಾಜೇ ಆಗಿರಬೇಕೆಂದಿಲ್ಲ. ಇಂದು ಬಳಕೆಯಲ್ಲಿರುವ ಮುಖ್ಯ ವಸ್ತುಗಳು ಮೂರು: ಅಕ್ರಿಲಿಕ್ ಎಂಬ ಪ್ಲಾಸ್ಟಿಕ್, ವ್ಯಾಪಾರಿಗಳು ಮಿನರಲ್ ಗ್ಲಾಸ್ ಎನ್ನುವ ಗಾಜು, ಮತ್ತು ಕೃತಕವಾಗಿ ಬೆಳೆಸಿದ ಸಫೈರ್ (ನೀಲಮಣಿ). ಅಕ್ರಿಲಿಕ್ ಮೇಲೆ ಬೇಗನೆ ಗೀರು ಬೀಳುತ್ತದೆ, ಆದರೆ ಅದು ಸುಲಭವಾಗಿ ಚೂರಾಗುವುದಿಲ್ಲ. ಸಫೈರ್ ಮೇಲೆ ಗೀರು ಬೀಳುವುದು ಅಪರೂಪ, ಆದರೆ ಬಲವಾದ ಪೆಟ್ಟಿಗೆ ಅದು ಒಡೆಯಬಲ್ಲದು.

ವಸ್ತುಗಳ ಸ್ವರೂಪ

ಅಕ್ರಿಲಿಕ್‌ನ ರಾಸಾಯನಿಕ ಹೆಸರು ಪಾಲಿಮೀಥೈಲ್ ಮೆಥಾಕ್ರಿಲೇಟ್. 1930ರ ದಶಕದಲ್ಲಿ ಪ್ಲೆಕ್ಸಿಗ್ಲಾಸ್, ಪರ್ಸ್ಪೆಕ್ಸ್ ಮೊದಲಾದ ಹೆಸರುಗಳಲ್ಲಿ ಮಾರುಕಟ್ಟೆಗೆ ಬಂದ ಈ ವಸ್ತುವನ್ನು ಅಚ್ಚಿನಲ್ಲಿಟ್ಟು ಬೇಕಾದ ಉಬ್ಬಿಗೆ ತರಬಹುದು, ಆದುದರಿಂದ ಅಗ್ಗ.

ಸಫೈರ್ ಅಲ್ಯೂಮಿನಿಯಂ ಆಕ್ಸೈಡಿನ ಹರಳು. ಈ ಖನಿಜದ ಕೊರಂಡಂ ಎಂಬ ಹೆಸರು ತಮಿಳಿನ ಕುರುಂದಂ ಎಂಬುದರಿಂದ ಬಂದದ್ದು. ಸಂಸ್ಕೃತದಲ್ಲಿ ಅದು ಕುರುವಿಂದ. ಶುದ್ಧ ರೂಪದಲ್ಲಿ ಇದಕ್ಕೆ ಬಣ್ಣವಿಲ್ಲ. ಕ್ರೋಮಿಯಂ ಸೇರಿದರೆ ಕೆಂಪಾಗಿ ಮಾಣಿಕ್ಯವೆನಿಸುತ್ತದೆ, ಕಬ್ಬಿಣ ಮತ್ತು ಟೈಟೇನಿಯಂ ಸೇರಿದರೆ ನೀಲಿಯಾಗುತ್ತದೆ. ಫ್ರಾನ್ಸಿನ ಆಗುಸ್ಟ್ ವೆರ್ನುಯಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಇದನ್ನು ಜ್ವಾಲೆಯಲ್ಲಿ ಕರಗಿಸಿ ಗಟ್ಟಿಯಾಗಿ ಬೆಳೆಸುವುದು ಸಾಧ್ಯವಾಯಿತು. ಆ ಗಟ್ಟಿಯನ್ನು ವಜ್ರದ ಹುಡಿ ಲೇಪಿಸಿದ ಗರಗಸದಿಂದ ಸೀಳಿ, ವಜ್ರದಿಂದಲೇ ಉಜ್ಜಿ ನಯಗೊಳಿಸಬೇಕು. ಸಫೈರ್ ದುಬಾರಿಯಾಗಿರುವುದು ಬಹುಪಾಲು ಈ ಕೆಲಸದಿಂದಾಗಿ. ಉಬ್ಬಿದ ಆಕಾರ ಬೇಕಾದಲ್ಲಿ ಬೆಲೆ ಇನ್ನೂ ಏರುತ್ತದೆ.

ಗೀರು ಮತ್ತು ಒಡೆತ

ಗಡಸುತನವನ್ನು ಅಳೆಯುವ ಮೋಹ್ಸ್ ಮಾಪಕದಲ್ಲಿ ವಜ್ರ 10, ಸಫೈರ್ 9, ಸಾಮಾನ್ಯ ಗಾಜು ಸುಮಾರು 5.5. ಅಕ್ರಿಲಿಕ್ ಇವೆಲ್ಲಕ್ಕಿಂತ ಬಹಳ ಮೃದು. ನಿತ್ಯ ಜೀವನದಲ್ಲಿ ಗೀರಿಗೆ ಮುಖ್ಯ ಕಾರಣ ಮರಳು. ಬೀದಿಯ ಧೂಳಿನಲ್ಲಿಯೂ ಗೋಡೆಯ ಗಾರೆಯಲ್ಲಿಯೂ ಇರುವ ಸ್ಫಟಿಕದ ಕಣಗಳ ಗಡಸುತನ 7. ಅವು ಅಕ್ರಿಲಿಕ್ಕನ್ನೂ ಗಾಜನ್ನೂ ಗೀರುತ್ತವೆ, ಸಫೈರನ್ನು ಗೀರಲಾರವು. ಅದನ್ನು ಗೀರಬಲ್ಲದ್ದು ವಜ್ರ, ಸಿಲಿಕಾನ್ ಕಾರ್ಬೈಡಿನ ಉಜ್ಜುಕಾಗದ, ಸ್ವತಃ ಕೊರಂಡಂ ಇರುವ ಎಮರಿ ಮೊದಲಾದ ಕೆಲವೇ ವಸ್ತುಗಳು.

ಗಡಸುತನವೇ ಬೇರೆ, ಪೆಟ್ಟು ತಾಳುವ ಶಕ್ತಿಯೇ ಬೇರೆ. ಮಾರಾಟದ ಮಾತುಗಳಲ್ಲಿ ಇವೆರಡನ್ನೂ ಬೆರೆಸಿಬಿಡುವುದರಿಂದ ಸಫೈರ್ ಎಂದರೆ ಒಡೆಯದ ಗಾಜು ಎಂಬ ತಪ್ಪು ಕಲ್ಪನೆ ಹರಡಿದೆ. ಪೆಟ್ಟು ಬಿದ್ದಾಗ ಅಕ್ರಿಲಿಕ್ ತುಸು ಬಾಗುತ್ತದೆ, ಹೆಚ್ಚಾದರೆ ಸೀಳು ಬಿಡುತ್ತದೆ. ಸಫೈರ್ ಬಾಗದು, ತಾಳಲಾರದ ಪೆಟ್ಟಿಗೆ ಚೂರಾಗುತ್ತದೆ. ಆ ಚೂರುಗಳು ಉಕ್ಕಿಗಿಂತಲೂ ಗಡುಸಾಗಿದ್ದು ಡಯಲನ್ನು ಗೀರುತ್ತವೆ, ಹುಡಿ ಯಂತ್ರದೊಳಗೆ ಸೇರಿ ಚಕ್ರಗಳನ್ನು ಸವೆಸುತ್ತದೆ. ಹೀಗಾದಲ್ಲಿ ಕೂಡಲೇ ಕೀಲಿಯ ತಿರುಪನ್ನು ಹೊರಗೆಳೆದು ಮುಳ್ಳುಗಳನ್ನು ನಿಲ್ಲಿಸಿ, ಒಳಭಾಗವನ್ನು ಶುಚಿ ಮಾಡಿಸುವುದು ಅವಶ್ಯ.

ಇದೇ ಭಯ ಬಾಹ್ಯಾಕಾಶದಲ್ಲಿ ಇನ್ನೂ ಹೆಚ್ಚು, ಏಕೆಂದರೆ ಅಲ್ಲಿ ಚೂರುಗಳು ಕೆಳಗೆ ಬೀಳದೆ ನೌಕೆಯೊಳಗೆ ತೇಲಾಡುತ್ತವೆ. ನಾಸಾ 1965ರಲ್ಲಿ ಮಾನವಸಹಿತ ಯಾನಗಳಿಗೆ ಅಂಗೀಕರಿಸಿದ ಒಮೆಗಾ ಸ್ಪೀಡ್‌ಮಾಸ್ಟರ್ ಗಡಿಯಾರದ ಗಾಜು ಹೆಸಲೈಟ್ ಎಂದು ಕರೆಯಲಾಗುವ ಅಕ್ರಿಲಿಕ್. 1969ರಲ್ಲಿ ಬಜ್ ಆಲ್ಡ್ರಿನ್ ಚಂದ್ರನ ಮೇಲೆ ಧರಿಸಿದ್ದು ಇಂತಹುದನ್ನೇ. ಆದರೂ ಅಕ್ರಿಲಿಕ್ ಗಾಜು ದೋಷಾತೀತವಲ್ಲ: 1971ರ ಅಪೊಲೊ 15 ಯಾನದಲ್ಲಿ ಡೇವಿಡ್ ಸ್ಕಾಟ್ ಅವರ ಗಡಿಯಾರದ ಗಾಜು ಕಳಚಿಹೋಗಿ, ಅವರು ಮೂರನೆಯ ಚಂದ್ರನಡಿಗೆಗೆ ಬುಲೋವಾ ಗಡಿಯಾರವನ್ನು ಕಟ್ಟಿಕೊಳ್ಳಬೇಕಾಯಿತು.

ಬೆಳಕಿನ ವರ್ತನೆ

ಅಕ್ರಿಲಿಕ್‌ನ ವಕ್ರೀಭವನ ಸೂಚ್ಯಂಕ ಸುಮಾರು 1.49, ಸಫೈರ್‌ನದು ಸುಮಾರು 1.77. ಆದುದರಿಂದ ನೇರವಾಗಿ ಬಿದ್ದ ಬೆಳಕಿನಲ್ಲಿ ಅಕ್ರಿಲಿಕ್‌ನ ಒಂದೊಂದು ಮೈ ಶೇಕಡಾ 4ರಷ್ಟನ್ನು ಮರಳಿಸಿದರೆ, ಸಫೈರ್ ಶೇಕಡಾ 8ರಷ್ಟನ್ನು ಮರಳಿಸುತ್ತದೆ. ಬಿಸಿಲಿನಲ್ಲಿ ಲೇಪವಿಲ್ಲದ ಸಫೈರ್ ಕನ್ನಡಿಯಂತೆ ಹೊಳೆದು ಗಂಟೆ ಕಾಣದಂತೆ ಮಾಡುವುದು ಇದರಿಂದಲೇ. ಪರಿಹಾರವಾಗಿ ಪ್ರತಿಫಲನ ತಡೆಯುವ ಲೇಪವನ್ನು ಕೊಡುತ್ತಾರೆ. ಲೇಪವು ಹೊರಮೈಯಲ್ಲಿದ್ದರೆ ಅದರ ಮೇಲೆ ಗೀರು ಬೀಳುತ್ತದೆ, ಕೊಂಡವರು ಸಫೈರೇ ನಕಲಿಯೆಂದು ಶಂಕಿಸುತ್ತಾರೆ. ಒಳಮೈಯಲ್ಲಿ ಮಾತ್ರ ಲೇಪವಿರುವುದು ಮೇಲು.

ದುರಸ್ತಿ ಮತ್ತು ಹಳೆಯ ಗಡಿಯಾರಗಳು

1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದೊಡನೆ ಬೆಂಗಳೂರಿನಲ್ಲಿ ಗಡಿಯಾರ ತಯಾರಿಕೆ ಆರಂಭಿಸಿದ ಎಚ್‌ಎಂಟಿಯ ಕೀಲಿ ಕೊಡುವ ಗಡಿಯಾರಗಳು ಕರ್ನಾಟಕದ ಅನೇಕ ಮನೆಗಳಲ್ಲಿ ಇಂದಿಗೂ ಇವೆ. ಅವುಗಳಲ್ಲಿ ಹೆಸರಾದ ಜನತಾ ಮಾದರಿಯ ಗಾಜು ಅಕ್ರಿಲಿಕ್. ಸ್ವಾರಸ್ಯವೆಂದರೆ, ಅದೇ ಗಡಿಯಾರದ ಒಳಗೆ ಚಕ್ರಗಳ ಅಚ್ಚುಗಳಿಗೆ ಆಧಾರವಾಗಿರುವ 17 ಕಲ್ಲುಗಳು ಕೃತಕ ಮಾಣಿಕ್ಯ. ಎಂದರೆ ಸಫೈರ್‌ನ ಒಡಹುಟ್ಟು.

ಮಸುಕಾದ ಅಕ್ರಿಲಿಕ್ ಗಾಜನ್ನು ಎಸೆಯಬೇಕಾಗಿಲ್ಲ. ಮೇಲ್ಮೈಯ ಗೀರುಗಳನ್ನು ಪ್ಲಾಸ್ಟಿಕ್ ಹೊಳಪಿನ ಲೇಹದಿಂದ, ಅದಿಲ್ಲದಿದ್ದರೆ ಬಿಳಿಯ ಟೂತ್‌ಪೇಸ್ಟಿನಿಂದ, ಮೆತ್ತನೆಯ ಬಟ್ಟೆಯಲ್ಲಿ ಕೆಲವು ನಿಮಿಷ ತಿಕ್ಕಿದರೆ ಬಹುತೇಕ ಹೋಗುತ್ತವೆ. ಆಳವಾದ ಗೀರು, ಹಳದಿಗಟ್ಟಿದ ಬಣ್ಣ, ಅಂಚಿನ ಕೂದಲೆಳೆಯ ಬಿರುಕುಗಳು ಹೋಗುವುದಿಲ್ಲ. ಅಸಿಟೋನ್ ತಾಗಿದರೆ ಅಕ್ರಿಲಿಕ್ ಕರಗುತ್ತದೆ. ಉಗುರುಬಣ್ಣ ತೆಗೆಯುವ ದ್ರವಗಳನ್ನು ಹತ್ತಿರ ತರಬಾರದು. ಹೊಸ ಗಾಜನ್ನು ಕೂರಿಸುವಾಗ ಕುಶಲಕರ್ಮಿಯು ಅದರ ಅಂಚನ್ನು ಪಂಜದಂತಹ ಉಪಕರಣದಲ್ಲಿ ಹಿಡಿದು ಕಿರಿದುಗೊಳಿಸಿ ಚೌಕಟ್ಟಿನೊಳಗೆ ಬಿಡುತ್ತಾನೆ. ಅದು ಅರಳಿ ಬಿಗಿಯಾಗುತ್ತದೆ. ಸಫೈರ್ ಹೀಗೆ ಕುಗ್ಗದ ಕಾರಣ ಅದಕ್ಕೆ ಬೇರೆ ಉಂಗುರ ಬೇಕು. ಹಳೆಯ ಗಡಿಯಾರಕ್ಕೆ ಸಫೈರ್ ಹಾಕಿಸಲು ಹೊರಡುವವರು ಇದನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹಿರಿಯರಿಂದ ಬಂದ ಗಡಿಯಾರಕ್ಕೆ ಅದರ ಮೂಲದ ಅಕ್ರಿಲಿಕ್ಕೇ ಸೂಕ್ತ. ದಿನವೂ ಧರಿಸಲು ಹೊಸದಾಗಿ ಕೊಳ್ಳುವ ಗಡಿಯಾರದಲ್ಲಿ, ಬೆಲೆ ಭಾರವೆನಿಸದಿದ್ದರೆ, ಸಫೈರ್ ಒಳ್ಳೆಯ ಆಯ್ಕೆ. ಸುತ್ತಿಗೆ, ಯಂತ್ರಗಳ ನಡುವೆ ದುಡಿಯುವ ಕೈಗೆ ಈ ಮಾತು ಅನ್ವಯಿಸದು.

ಗುರುತಿಸುವ ಬಗೆ

ಸಫೈರ್ ಶಾಖವನ್ನು ಚೆನ್ನಾಗಿ ಒಯ್ಯುವುದರಿಂದ ಕೆನ್ನೆಗೆ ತಾಗಿಸಿದಾಗ ತಣ್ಣಗಿರುತ್ತದೆ. ಅಕ್ರಿಲಿಕ್ ಹಾಗಿರದು, ಉಗುರಿನಿಂದ ತಟ್ಟಿದರೆ ಮಂಕಾದ ಸದ್ದು ಬರುತ್ತದೆ. ನೀರಿನ ಹನಿ ಸಫೈರ್ ಮೇಲೆ ಹರಡದೆ ಗುಂಡಗೆ ನಿಲ್ಲುತ್ತದೆ ಎಂಬ ಪರೀಕ್ಷೆ ಪ್ರಚಲಿತವಾಗಿದ್ದರೂ, ಲೇಪವಿರುವ ಗಾಜಿನ ಮೇಲೆಯೂ ಹನಿ ಹಾಗೆಯೇ ನಿಲ್ಲಬಹುದಾದ ಕಾರಣ ಅದನ್ನು ನಂಬುವಂತಿಲ್ಲ. ಪೆಟ್ಟಿಗೆಯ ಮೇಲೆ ಸಫೈರ್ ಲೇಪಿತ ಎಂದು ಬರೆದಿದ್ದರೆ ಅದು ಮಿನರಲ್ ಗ್ಲಾಸ್ ಮೇಲಿನ ತೆಳುಪದರವೇ ಹೊರತು ಇಡಿಯ ಸಫೈರ್ ಅಲ್ಲ.