ವಾಂತಿಯ ಮಾತ್ರೆ ಮಾಯವಾದ 30 ವರ್ಷ

ಬಸುರಿಗೆ ವಾಂತಿಯಾದರೆ ನಮ್ಮೂರುಗಳಲ್ಲಿ ಯಾರೂ ಗಾಬರಿಯಾಗುವುದಿಲ್ಲ. 'ಮೂರು ತಿಂಗಳು ಕಳೀಲಿ, ತಾನೇ ನಿಲ್ಲುತ್ತೆ' ಅನ್ನುತ್ತಾರೆ ಅಜ್ಜಿಯರು. ಬಹಳಷ್ಟು ಮಂದಿಗೆ ಅದು ನಿಜವೂ ಹೌದು. ಆದರೆ ನೂರರಲ್ಲಿ ಒಬ್ಬಿಬ್ಬರಿಗೆ ಕುಡಿದ ನೀರೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ತೂಕ ಇಳಿಯುತ್ತದೆ, ಆಸ್ಪತ್ರೆ ಸೇರಿ ಡ್ರಿಪ್ ಹಾಕಿಸಬೇಕಾಗುತ್ತದೆ. ಹೀಗೆ ಆಸ್ಪತ್ರೆ ಸೇರುವವರು ಹೆಚ್ಚಾಗಲು ಕಾಯಿಲೆಯೊಂದೇ ಕಾರಣವಲ್ಲ, ಜನರ ಭಯವೂ ಕಾರಣವಾಗಬಹುದು. ಅಮೆರಿಕದಲ್ಲಿ ನಡೆದದ್ದು ಇದೇ.

1956ರಲ್ಲಿ ಅಲ್ಲಿ ಬಸಿರಿನ ವಾಂತಿಗೆಂದು ಬೆಂಡೆಕ್ಟಿನ್ ಎಂಬ ಮಾತ್ರೆ ಬಂತು. ಡಾಕ್ಸಿಲಮೈನ್ ಮತ್ತು ಬಿ6 ವಿಟಮಿನ್ ಅದರ ಮುಖ್ಯ ಮದ್ದು. ಕೋಟ್ಯಂತರ ಹೆಂಗಸರು ನುಂಗಿದರು. ಮರುವರ್ಷ ಪಶ್ಚಿಮ ಜರ್ಮನಿಯಲ್ಲಿ ಥಾಲಿಡೋಮೈಡ್ ಎಂಬ ಬೇರೆಯೇ ಮಾತ್ರೆ ಮಾರಾಟಕ್ಕೆ ಬಂತು. ಅದನ್ನೂ ಬಸುರಿಯರ ವಾಂತಿಗೆ ಕೊಟ್ಟರು. ಕೈಕಾಲು ಸರಿಯಾಗಿ ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದವು. 1961ರಲ್ಲಿ ಅದನ್ನು ವಾಪಸ್ ಪಡೆದರು.

ಮಾತ್ರೆ ಹೋಯಿತು, ಭಯ ಉಳಿಯಿತು. ಮುಂದೆ ಬೆಂಡೆಕ್ಟಿನ್ ಮೇಲೂ ಸಾಲುಸಾಲು ಕೇಸುಗಳು ಬಿದ್ದವು. ಈ ಮಾತ್ರೆಯಿಂದ ಮಕ್ಕಳಿಗೆ ಊನವಾಗುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಪುರಾವೆ ಸಿಗಲಿಲ್ಲ. ಆದರೂ ವಕೀಲರ ಖರ್ಚು, ವಿಮೆಯ ಖರ್ಚು ತಾಳಲಾರದೆ 1983ರಲ್ಲಿ ಕಂಪನಿ ತಯಾರಿಕೆಯನ್ನೇ ನಿಲ್ಲಿಸಿತು.

ಆಮೇಲೆ ಏನಾಯಿತು? ಊನ ಇರುವ ಮಕ್ಕಳು ಹುಟ್ಟುವುದು ಕಡಿಮೆಯಾಗಲಿಲ್ಲ. ವಾಂತಿಯಿಂದ ಆಸ್ಪತ್ರೆ ಸೇರುವ ಬಸುರಿಯರ ಪ್ರಮಾಣ ಮಾತ್ರ ಸುಮಾರು ಎರಡು ಪಟ್ಟಾಯಿತು. ಮನೆಯಲ್ಲೇ ಮಾತ್ರೆಯಿಂದ ಹತೋಟಿಗೆ ಬರಬಹುದಾಗಿದ್ದ ವಾಂತಿ ಡ್ರಿಪ್ ತನಕ ಹೋಯಿತು. ಪಕ್ಕದ ಕೆನಡಾದಲ್ಲಿ ಅದೇ ಮದ್ದು ಬೇರೆ ಹೆಸರಿನಲ್ಲಿ ಸಿಗುತ್ತಲೇ ಇತ್ತು. ಅಮೆರಿಕ ಸರ್ಕಾರ ಆ ಜೋಡಿ ಮದ್ದಿಗೆ ಮತ್ತೆ ಒಪ್ಪಿಗೆ ಕೊಟ್ಟದ್ದು 2013ರಲ್ಲಿ, 30 ವರ್ಷದ ನಂತರ.

ಇದೇ ಮದ್ದನ್ನು ನಮ್ಮಲ್ಲೂ ಡಾಕ್ಟರು ಬರೆದುಕೊಡುತ್ತಾರೆ. 'ಬಸುರಿ ಯಾವ ಮಾತ್ರೆಯನ್ನೂ ಮುಟ್ಟಬಾರದು' ಅನ್ನುವ ಭಯ ಒಂದು ಕಡೆ, 'ವಾಂತಿ ಎಲ್ಲರಿಗೂ ಇದ್ದದ್ದೇ' ಅನ್ನುವ ಉದಾಸೀನ ಇನ್ನೊಂದು ಕಡೆ. ಇವೆರಡರ ನಡುವೆ ಹೆಣ್ಣುಮಗಳು ಸೊರಗುತ್ತಾಳೆ. ಹಾಗಂತ ಮೆಡಿಕಲ್ ಶಾಪಿನಿಂದ ನಾವೇ ಮಾತ್ರೆ ತಂದು ಕೊಡುವುದೂ ತಪ್ಪು. ವಾಂತಿ ಜಾಸ್ತಿಯಾದ ಕೂಡಲೇ ಆಶಾ ಕಾರ್ಯಕರ್ತೆಗೆ ತಿಳಿಸೋಣ, ಡಾಕ್ಟರಿಗೆ ತೋರಿಸೋಣ. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾಗಿ ಬಣ್ಣ ಗಾಢವಾದರೆ, ಎದ್ದು ನಿಂತಾಗ ತಲೆ ಸುತ್ತಿದರೆ ಮೂರು ತಿಂಗಳು ಕಳೆಯಲಿ ಎಂದು ಕಾಯುವುದು ಬೇಡ. ಅವತ್ತೇ ಆಸ್ಪತ್ರೆಗೆ ಕರೆದೊಯ್ಯೋಣ.